ಹಗೇವಿನ ತಾಪಮಾನ

ಫೆಬ್ರವರಿ 10, ಸೋಮವಾರ

ಎಂಟೂವರೆಯ ಬಸ್ಸು ಇವತ್ತೂ ಎಂಟು ಐವತ್ತಕ್ಕೆ ಬಂತು. ಬೈಲಹೊಂಗಲ ದಾಟುವಷ್ಟರಲ್ಲಿ ಸೀರೆ ಬೆನ್ನಿಗೆ ಅಂಟಿತ್ತು. ಫೆಬ್ರವರಿಯಲ್ಲೇ ಈ ಗತಿ. ಪಕ್ಕದಲ್ಲಿದ್ದ ನೇಸರಗಿಯ ಹೆಂಗಸು "ಈ ವರ್ಷ ಬಿಸಲ ಭಾಳ ಐತೆಲ್ರಿ ಬಾಯಾರ?" ಎಂದಳು. ಹೌದೆಂದೆ. ಅದನ್ನೇ ಕಲಿಸಲು ಹೊರಟಿದ್ದೇನೆ ಎಂದು ಹೇಳಲಿಲ್ಲ. ಹೇಳಿದ್ದರೆ ಊರು ಬರುವವರೆಗೆ ಪಾಠ ಮಾಡಬೇಕಾಗುತ್ತಿತ್ತು.

ಒಂಬತ್ತನೇ ತರಗತಿಗೆ ಹೊಸ ಸುತ್ತೋಲೆ ಬಂದಿದೆ. ಶಾಖ ವರ್ಗಾವಣೆ ಮತ್ತು ಹವಾಮಾನ, ನಾಲ್ಕು ವಾರ. ಮಕ್ಕಳಿಂದಲೇ ಅಳತೆ ಮಾಡಿಸಬೇಕಂತೆ. ಒಳ್ಳೆಯ ಪ್ರಾಜೆಕ್ಟ್ ತಾಲೂಕಿನ ಪ್ರದರ್ಶನಕ್ಕೆ. ಕಪಾಟು ತೆಗೆದು ನೋಡಿದೆ. ಒಂಬತ್ತು ಥರ್ಮಾಮೀಟರಿನಲ್ಲಿ ಆರು ಜೀವಂತ. ಮಕ್ಕಳು ಮೂವತ್ತೆಂಟು. ಸುತ್ತೋಲೆ ಬರೆದವರಿಗೆ ಭಾಗಾಕಾರ ಬರುವುದಿಲ್ಲ.

ಬೆಂಚಿನ ಹಲಗೆ ಮುಟ್ಟಿರಿ, ಈಗ ಕಬ್ಬಿಣದ ಕಾಲು ಮುಟ್ಟಿರಿ, ಯಾವುದು ತಣ್ಣಗಿದೆ ಎಂದೆ. ಎಲ್ಲರೂ ಒಂದೇ ದನಿಯಲ್ಲಿ ಕಬ್ಬಿಣ ಎಂದರು. ಸಾಗರನ ಕೈಗೆ ಥರ್ಮಾಮೀಟರ್ ಕೊಟ್ಟೆ. ಎರಡೂ ಕಡೆ ಮೂವತ್ತೊಂದು. ತಿರುಗಿಸಿ ತಿರುಗಿಸಿ ನೋಡಿದ.

"ಇದು ಕೆಟ್ಟೈತ್ರಿ ಟೀಚರ್."

ಕ್ಲಾಸ್ ಇಡೀ ನಕ್ಕಿತು. ನಾನೂ ನಕ್ಕೆ. ಕಬ್ಬಿಣ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ತಣ್ಣಗೆ ಅನಿಸುತ್ತದೆ, ಅಷ್ಟೇ. "ಕೈ ಸುಳ್ಳ ಹೇಳತದ, ಅಳತಿ ಹೇಳೂದಿಲ್ಲ" ಎಂದೆ. ಇಪ್ಪತ್ತು ವರ್ಷದಿಂದ ಇದೇ ಮಾತು. ಇನ್ನೂ ಹೇಳುವಾಗ ಖುಷಿಯಾಗುತ್ತದೆ.

ಫೆಬ್ರವರಿ 13, ಗುರುವಾರ

ಮಧ್ಯಾಹ್ನ ಮೂರಕ್ಕೆ ಅಳತೆ. ಹಳೆಯ ಕಲ್ಲಿನ ಕೋಣೆ — 32. ಹೊಸ ತಗಡಿನ ಕೋಣೆ — 38. ಬೇವಿನ ಗಿಡದ ಕೆಳಗೆ — 31. ಹತ್ತನೇ ತರಗತಿಯವರು ಕೂರುವುದು ತಗಡಿನ ಕೆಳಗೆ. ಹೆಡ್‌ಮಾಸ್ಟರ್ ಮಹಾಂತಪ್ಪನವರಿಗೆ ತೋರಿಸಿದೆ. "ಅಳದು ಏನ್ ಮಾಡೂದ್ರಿ, ಕುಂದರೂದಂತೂ ಅಲ್ಲೇ" ಎಂದರು. ಮಾತು ಸರಿಯೇ. ಆದರೂ ಸಿಟ್ಟು ಬಂತು.

ಬಿಸಿಲಿನಲ್ಲಿ ಎರಡು ಬಾಟಲಿ ಇಟ್ಟೆ. ಒಂದರಲ್ಲಿ ಸೋಡಾಪುಡಿ, ವಿನೆಗರ್ ಹಾಕಿ ಕಾರ್ಬನ್ ಡೈಆಕ್ಸೈಡ್ ತುಂಬಿದೆ. ಇನ್ನೊಂದರಲ್ಲಿ ಬರೀ ಗಾಳಿ. ವ್ಯತ್ಯಾಸ ಅರ್ಧ ಡಿಗ್ರಿ. ಅದೂ ಥರ್ಮಾಮೀಟರಿನ ಮುಲಾಜೋ ಏನೋ. ಬೋರ್ಡಿನ ಮೇಲೆ ನೀಲಿ ಚಾಕ್‌ನಲ್ಲಿ ಅಣು ಬರೆದೆ. ನಡುವೆ ಒಂದು ಇಂಗಾಲ, ಆಚೆ ಈಚೆ ಆಮ್ಲಜನಕ. ಭೂಮಿ ಕೌದಿ ಹೊದ್ದುಕೊಂಡಿದೆ, ಕೌದಿ ವರ್ಷವರ್ಷವೂ ದಪ್ಪವಾಗುತ್ತಿದೆ ಎಂದೆ.

"ಹಂಗಾರ ತಗದ ಒಗದ್ರ ಆತಲ್ರಿ?" — ಸಾಗರ.

"ಒಗೀಲಿಕ್ಕೆ ಬರೂದಿಲ್ಲೋ, ಅದ ತ್ರಾಸು."

ಚೆನ್ನಾಗಿ ನಡೆಯಿತು. ಆದರೂ ಬಸ್ಸಿನಲ್ಲಿ ಕೂತಾಗ ಏನೋ ಚಡಪಡಿಕೆ. ಮಕ್ಕಳು ಕೇಳುತ್ತಾರೆ, ನಗುತ್ತಾರೆ, ಬರೆದುಕೊಳ್ಳುತ್ತಾರೆ. ಮನೆಗೆ ಹೋಗಿ ಏನಾದರೂ ಅಳೆಯುತ್ತಾರೆಯೇ?

ಫೆಬ್ರವರಿ 17, ಸೋಮವಾರ

ಹೋಂವರ್ಕ್ ಕೊಟ್ಟೆ. ಸಂಜೆ ನಾಲ್ಕೈದು ಗಂಟೆಗೆ ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ತಂಪು ಜಾಗ ಯಾವುದು? ಆರು ಥರ್ಮಾಮೀಟರ್, ದಿನಕ್ಕೆ ಆರು ಮಂದಿ, ಮರುದಿನ ತಂದುಕೊಡಬೇಕು. ದೇವರ ಕೋಣೆ, ನೀರಿನ ಗಡಿಗೆಯ ಹಿಂದೆ, ದನದ ಕೊಟ್ಟಿಗೆ — ಒಬ್ಬೊಬ್ಬರದು ಒಂದೊಂದು ಊಹೆ.

ಆಮೇಲೆ ಸಪ್ನಾ ಎದ್ದು ನಿಂತಳು. ಮೂರನೇ ಬೆಂಚು, ನಂಬರ್ ಮೂವತ್ತೊಂದು. ಜೂನ್‌ನಿಂದ ಈ ಹುಡುಗಿ ತಾನಾಗಿ ಬಾಯಿ ಬಿಟ್ಟದ್ದು ಇದೇ ಮೊದಲು.

"ಟೀಚರ್, ನಮ್ಮನ್ಯಾಗ ಹಗೇವು ಐತ್ರಿ. ಬ್ಯಾಸಗ್ಯಾಗ ಅದರಾಗ ತಂಪ ಇರತೈತಿ, ಚಳಿಗಾಲದಾಗ ಬೆಚ್ಚಗ ಇರತೈತಿ ಅಂತ ನಮ್ಮ ಆಯಿ ಹೇಳತಾಳ್ರಿ. ಮತ್ತ ಆಯಿ ಏನಂತಾಳಂದ್ರ..."

ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಎರಡಾಳು ಆಳ, ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಅದಕ್ಕೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಓದಿ ಗೊತ್ತು, ನೋಡಿಲ್ಲ. ನಮ್ಮದು ಅಕ್ಕಿ, ದಕ್ಷಿಣೆಯ ಮನೆತನ, ಹಗೇವು ಎಲ್ಲಿಂದ ಬರಬೇಕು. ಈಗ ಈ ಊರಲ್ಲೂ ಒಂದೋ ಎರಡೋ ಉಳಿದಿರಬೇಕು. ಮಣ್ಣು ಶಾಖ ನಿರೋಧಕ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಪ್ರದರ್ಶನಕ್ಕೆ ಇದೇ ಎಂದು ಆಗಲೇ ಲೆಕ್ಕ ಹಾಕಿದೆ. ಹುಡುಗಿ ಅಜ್ಜಿಯ ಮಾತು ಮುಂದುವರಿಸುತ್ತಿದ್ದಳು. ತಡೆದೆ.

"ಆಯಿ ಅಂದದ್ದು ಬ್ಯಾಡವಾ. ಆಯಿ ಮಾತು ವಿಜ್ಞಾನ ಅಲ್ಲ. ನಂಬರ್ ತೊಗೊಂಡು ಬಾ."

ಸಪ್ನಾ ತಲೆ ಆಡಿಸಿ ಕೂತಳು.

ಒಳ್ಳೆಯ ಮಾತು ಹೇಳಿದೆ ಎನಿಸಿತು. ನಮ್ಮ ಅಜ್ಜ ಬಾಳಕೃಷ್ಣ ಶಾಸ್ತ್ರಿಗಳು ಪಂಚಾಂಗ ಬಿಚ್ಚಿ ಮಳೆ ಹೇಳುತ್ತಿದ್ದರು. ಮಳೆ ಬಾರದಿದ್ದರೆ ಕೇಳಿದವರ ಪಾಪ. ಬಿ.ಎಸ್ಸಿಗೆ ಹೋಗುತ್ತೇನೆ ಎಂದಾಗ ಎಂಟು ದಿನ ಮಾತು ಬಿಟ್ಟಿದ್ದರು. ಹಿರಿಯರು ಹೇಳಿದ್ದಾರೆ ಅಂದರೆ ಸಾಕು, ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಫೆಬ್ರವರಿ 18, ಮಂಗಳವಾರ

ಸಪ್ನಾಗೆ ಥರ್ಮಾಮೀಟರ್ ಕೊಟ್ಟೆ. ನಂಬರ್ ನಾಲ್ಕು, ಚಲೋ ಇರುವುದು. ನಾಳೆ ಸಂಜೆ ಅಪ್ಪ ನೇಸರಗಿಗೆ ಹೋಗುತ್ತಾನೆ, ಆಗ ಅಳೆಯುತ್ತೇನೆ ಎಂದಳು. ಅಪ್ಪ ಇಲ್ಲದಾಗಲೇ ಏಕೆ ಎಂದು ಕೇಳಬೇಕಿತ್ತು... ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಫೆಬ್ರವರಿ 20, ಗುರುವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಬಸ್ಸಿಳಿದಾಗ ಚಹಾದಂಗಡಿಯ ಮುಂದೆ ಜನ. ಮಲಕಾಜಪ್ಪನ ಮಗಳು ಸಪ್ನಾ ಹಗೇವಿನಲ್ಲಿ ಬಿದ್ದಳಂತೆ. ನಿನ್ನೆ ಸಂಜೆ ಐದಕ್ಕೆ. ಕಲ್ಲು ಸರಿಸಿ ಇಳಿದಿದ್ದಾಳೆ. ಅರ್ಧಕ್ಕೇ ಕಣ್ಣು ಕತ್ತಲೆ ಬಂದು ಜೋಳದ ಮೇಲೆ ಬಿದ್ದಿದ್ದಾಳೆ. ಆಯಿ ಮರೆವ್ವ ಹಿತ್ತಲಿಗೆ ಬಂದು ಹಗೇವಿನ ಬಾಯಿ ತೆರೆದದ್ದು ನೋಡಿ ಕೂಗಿದಳು. ಪಕ್ಕದ ಮನೆಯ ಯಮನಪ್ಪ ಓಡಿಬಂದು ಇಳಿಯಲು ಹೋದರೆ ಮುದುಕಿ ಅಂಗಿ ಹಿಡಿದು ಜಗ್ಗಿದಳಂತೆ — "ಇಳೀಬ್ಯಾಡೋ, ನೀನೂ ಸಾಯ್ತಿ! ಮೊದಲ ಗಾಳಿ ಆಡಸ್ರಿ!" ಕೌದಿ ಇಳಿಬಿಟ್ಟು ಎತ್ತಿ ಎತ್ತಿ ಒಳಗಿನ ಗಾಳಿ ಹೊರಗೆ ಹಾಕಿದ್ದಾರೆ. ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿ, ಉಸಿರು ಹಿಡಿದು ಯಮನಪ್ಪ ಇಳಿದ. ಎತ್ತಿದಾಗ ಹುಡುಗಿಯ ತುಟಿ ನೀಲಿ. ಈಗ ಬೆಳಗಾವಿಯ ದವಾಖಾನೆಯಲ್ಲಿದ್ದಾಳೆ. ಎಚ್ಚರ ಇಲ್ಲ.

ಜೋಳವೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ. ಕೆಳಗೆ ನಿಲ್ಲುತ್ತದೆ. ಇದೆಲ್ಲ ನನಗೆ ಗೊತ್ತು. ಹೋದ ಗುರುವಾರ ಅದನ್ನೇ ನೀಲಿ ಚಾಕ್‌ನಲ್ಲಿ ಬರೆದಿದ್ದೆ. ಸೋಮವಾರ ಹುಡುಗಿಗೆ ಇಳಿ ಎಂದೆ. ಎರಡನ್ನೂ ಸೇರಿಸಿ ನೋಡಲಿಲ್ಲ ನಾನು.

ಕ್ಲಾಸಿನಲ್ಲಿ ಮೂವತ್ತೇಳು ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಯಾರು ಇಳಿಸಿದ್ದೆಂದು ಅವರಿಗೆಲ್ಲ ಗೊತ್ತು.

ಫೆಬ್ರವರಿ 23, ಭಾನುವಾರ

ಬೆಳಗಾವಿಗೆ ಹೋಗಿದ್ದೆ. ಎಚ್ಚರವಾಗಿದೆ! ಶುಕ್ರವಾರ ರಾತ್ರಿ ಕಣ್ಣು ತೆರೆದಳಂತೆ. ಮೂಗಿಗೆ ಆಕ್ಸಿಜನ್ ನಳಿಗೆ. ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಳು.

ಮಲಕಾಜಪ್ಪ ಸ್ಟೂಲ್ ಕೊಟ್ಟರು. ನಾಲ್ಕು ದಿನದ ಗಡ್ಡ.

"ಬೆಕ್ಕಿನ ಮರಿ ಒಳಗ ಬಿದ್ದಿತ್ತಂತ್ರಿ. ಅದನ್ನ ತಗ್ಯಾಕ ಇಳದಾಳ. ನಮ್ಮವ್ವಗ ಹತ್ತ ಸಲ ಹೇಳಿದ್ದೆ, ಆ ಹಗೇವು ಮುಚ್ಚಬೇ, ಚೀಲದಾಗ ಇಡೂಣು ಅಂತ. ಕೇಳಲಿಲ್ಲ. ಚೀಲದ ಜೋಳದ ರೊಟ್ಟಿ ರುಚಿ ಇರೂದಿಲ್ಲ ಅಂತ ಆಕಿ ಹಟ. ಮಗಳನ್ನ ತಿಂತಿತ್ತು, ಆ ರುಚಿ."

ಬೆಕ್ಕಿನ ಮರಿ! ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕೆಳಗೆ ಹೋಗಿ ಚಹಾ ತಂದರು. "ಸಾಲಿಯವರು ಬರತಾರಂತ ಅನಕೊಂಡಿದ್ದಿಲ್ರಿ. ಭಾಳ ಚಲೋ ಆತು" ಎಂದು ಕಪ್ಪು ಕೈಗಿಟ್ಟರು.

ಚಹಾ ಕುಡಿದೆ. ಪೂರ್ತಿ ಕುಡಿದೆ. ಥ್ಯಾಂಕ್ಸ್ ಎಂದೆ.

ಫೆಬ್ರವರಿ 24, ಸೋಮವಾರ

ಸಂಜೀವನಿಗೆ ಎಲ್ಲ ಹೇಳಿದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡ ಒಂದು ಮಾತಿಗೂ ಅಡ್ಡ ಬಾರದೆ ಕೇಳಿದ್ದು ಇವತ್ತೇ ಇರಬೇಕು. ಕೋರ್ಟಿನಲ್ಲಿ ಟೈಪಿಸ್ಟ್, ದಿನವೂ ಜನರ ಹೇಳಿಕೆ ಹೊಡೆಯುವವನು.

"ಹುಡುಗಿ ಉಳೀತು. ಆಕೀನ ಬ್ಯಾರೆ ಕಾರಣ ಹೇಳ್ಯಾಳ. ನೀ ಈಗ ಹೋಗಿ ಹೇಳಿದ್ರ ಯಾರಿಗೆ ಏನ ಲಾಭ?"

ಕೇಳಿ ಸ್ವಲ್ಪ ಸಮಾಧಾನವೂ ಆಯಿತು. ಇದನ್ನು ಇಲ್ಲಿ ಮಾತ್ರ ಬರೆಯಬಲ್ಲೆ.

ಮಾರ್ಚ್ 4, ಮಂಗಳವಾರ

ಎಂಟು ದಿನ ಪುಸ್ತಕ ಮುಟ್ಟಲಿಲ್ಲ.

ಇವತ್ತು ಮಹಾಂತಪ್ಪನವರು ಕರೆದು ಕೇಳಿದರು — "ಆ ಹುಡುಗಿ ಕಡೆ ಸಾಲಿ ವಸ್ತು ಏನರ ಇತ್ತೇನ್ರಿ, ವರದಾ ಬಾಯಾರ?" ಇಲ್ಲ ಎಂದೆ. ಒಡೆದ ಸಾಮಾನಿನ ರಿಜಿಸ್ಟರಿನಲ್ಲಿ ಬರೆದೆ: ಥರ್ಮಾಮೀಟರ್ ನಂ. 4, ಪ್ರಯೋಗದ ವೇಳೆ ಕೈಜಾರಿ ಒಡೆದಿದೆ. ಸಹಿ ಹಾಕಿದೆ. ಅಕ್ಷರ ಎಷ್ಟು ದುಂಡಗೆ ಬಂದಿದೆ!

ಅಳತೆ ಸುಳ್ಳು ಹೇಳುವುದಿಲ್ಲ ಎಂದು ಮಕ್ಕಳಿಗೆ ಕಲಿಸುವವಳು.

ಮಾರ್ಚ್ 6, ಗುರುವಾರ, ಮಧ್ಯಾಹ್ನ 2

ಊಟದ ಬಿಡುವಿನಲ್ಲಿ ಲ್ಯಾಬಿನ ಬಾಗಿಲಲ್ಲಿ ಮುದುಕಿ. ಮರೆವ್ವ. ಒಳಗೆ ಬರ್ರಿ, ಕುಂದರ್ರಿ ಎಂದೆ. ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಥರ್ಮಾಮೀಟರ್. ಒಡೆದಿಲ್ಲ. ತುದಿಗೆ ಜೋಳದ ಹೊಟ್ಟು.

"ಇದು ನಿಮ್ಮದೇನ್ರಿ, ಬಾಯಾರ? ಹಗೇವು ಬರಿದ ಮಾಡೂಮುಂದ ಸಿಕ್ತು."

ನನ್ನದು ಎಂದೆ. ನಾನೇ ಅಳೆಯಲು ಹೇಳಿದ್ದೆ ಎಂದೆ. ಮೊದಲ ಸಲ ಇನ್ನೊಬ್ಬರ ಮುಂದೆ... ಗಂಡನನ್ನು ಬಿಟ್ಟರೆ.

"ಗೊತ್ತಾತು ಬಿಡ್ರಿ. ನಮ್ಮನ್ಯಾಗ ಬೆಕ್ಕ ಎಲ್ಲೈತಿ? ನನ್ನ ಮಗಗ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ."

"ಯಾಕವಾ?"

"ಸಾಲ್ಯಾಗ ಹಿಂಗ ಮಾಡಿಸ್ಯಾರಂತ ತಿಳದ್ರ ಅಂವ ಹುಡುಗೀನ ಸಾಲಿ ಬಿಡಸತಾನ. ರಾಮದುರ್ಗದಾಗ ನನ್ನ ಮಗಳ ಮನಿ ಐತಿ, ಅಲ್ಲಿ ಹೊಲಿಗಿ ಕಲಿಯಾಕ ಹಾಕತೇನಿ ಅಂತ ಮೊದಲ ಅನಾಕ ಹತ್ತಿದ್ದ. ತಪ್ಪ ನನ್ನ ಮ್ಯಾಲ ಇರಲಿ ಬಿಡ್ರಿ. ಮುದುಕಿ ನಾ, ಎಷ್ಟ ದಿನಾ ಇರತೇನಿ?"

ಮಗ ಏನೆನ್ನುತ್ತಾನೆ ಎಂದು ಕೇಳಿದೆ. ಬಿಚ್ಚಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹೇಳಿದಳು — "ಏನೂ ಅನ್ನೂದಿಲ್ಲ. ಮಾತಽ ಇಲ್ಲ. ನಾ ಬಡದ ರೊಟ್ಟಿ ಮುಟ್ಟೂದಿಲ್ಲ. ಆವತ್ತಿಂದ ಸೊಸಿ ಬ್ಯಾರೆ ಬಡೀತಾಳ."

ಅಷ್ಟು ಹೇಳಿ ಹೋದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದಿದ್ದಳು, ಲ್ಯಾಬ್ ಗುಡಿಯೋ ಎಂಬಂತೆ.

ಸಂಜೆ, ಬಸ್ಸಿನಲ್ಲಿ

ನಿಜ ಬರೆಯುತ್ತೇನೆ. ಹೇಳಬೇಡಿ ಎಂದಾಗ ಮೊದಲು ಬಂದದ್ದು ನೆಮ್ಮದಿ. ಹುಡುಗಿಯ ಓದಿಗಾಗಿ ಬಾಯಿ ಮುಚ್ಚಿಕೊಂಡಿರುವ ಟೀಚರ್ — ಎಂಥ ಚಂದದ ನೆಪ ಸಿಕ್ಕಿತು! ಮೂರು ಸ್ಟಾಪ್ ಹೋಗುವವರೆಗೆ ಅದನ್ನೇ ಮೆಲ್ಲುತ್ತಿದ್ದೆ. ಆಮೇಲೆ ರೊಟ್ಟಿ ನೆನಪಾಯಿತು. ರಾತ್ರಿ 9. ಮನೆಗೆ ಬಂದು ಊಟ ಬೇಡ ಎಂದೆ.

ಮಾರ್ಚ್ 10, ಸೋಮವಾರ

ಸಪ್ನಾ ಬಂದಳು. ಪರೀಕ್ಷೆಯವರೆಗೆ ಕಳಿಸುತ್ತಾರಂತೆ, ಮುಂದಿನದು ಆಮೇಲೆ. ಸೊರಗಿದ್ದಾಳೆ. ಮೆಟ್ಟಿಲು ಹತ್ತಿದರೆ ಏದುಸಿರು.

ಇವತ್ತು ಬಕೆಟ್ ತಂದಿದ್ದೆ. ತಳದಲ್ಲಿ ಸೋಡಾಪುಡಿ, ವಿನೆಗರ್. ಹೊಗೆ ಇಲ್ಲ, ವಾಸನೆ ಇಲ್ಲ, ನೋಡಿದರೆ ಖಾಲಿ ಬಕೆಟ್. ಉರಿಯುವ ಮೇಣದಬತ್ತಿಯನ್ನು ತಂತಿಗೆ ಕಟ್ಟಿ ಇಳಿಸಿದೆ. ಅರ್ಧಕ್ಕೆ ಆರಿತು. ಇನ್ನೊಮ್ಮೆ ಹಚ್ಚಿದೆ, ಮತ್ತೆ ಆರಿತು. ಒಂದು ತಿಂಗಳು ತಡವಾಗಿ ಮಾಡಿದ ಪಾಠ. ಸಾಗರ ಕೂಡ ನಗಲಿಲ್ಲ.

ಬೆಲ್ ಆದಮೇಲೆ ಸಪ್ನಾಳನ್ನು ನಿಲ್ಲಿಸಿಕೊಂಡೆ. ಬೆಕ್ಕಿನ ಮರಿ ಅಂತ ಯಾಕೆ ಹೇಳಿದಿ ಎಂದೆ.

"ನಿಮ್ಮನ್ನ ಬೈತಾರಂತ್ರಿ."

"ಆವತ್ತು ಕ್ಲಾಸಿನಾಗ ಆಯಿ ಏನಂತಾಳ ಅಂತ ಹೇಳಲಿಕ್ಕೆ ಹೊಂಟಿದ್ದೆಲ್ಲ. ಏನಂತಿದ್ದಳು ಆಯಿ?"

ನೆಲ ನೋಡುತ್ತ ಹೇಳಿದಳು. "ಬಾಯಿ ತಗದು ಒಂದಿನಾ ಬಿಡಬೇಕು, ಆಮ್ಯಾಲ ಕಂದೀಲ ಇಳಿಬಿಟ್ಟು ನೋಡಬೇಕು, ಅದು ಆರಿದ್ರ ಇಳೀಬಾರದು ಅಂತಾಳ್ರಿ."

"ಗೊತ್ತಿತ್ತಲ್ಲ ಮತ್ತ? ಗೊತ್ತಿದ್ದೂ ಯಾಕ ಇಳದಿ?"

ಮುಖ ಎತ್ತಿ ನೋಡಿದಳು. ಸಿಟ್ಟಿಲ್ಲ, ಏನೂ ಇಲ್ಲ. ನಾನು ಯಾಕೆ ಇದನ್ನು ಕೇಳುತ್ತಿದ್ದೇನೆ ಎಂಬ ಆಶ್ಚರ್ಯ ಮಾತ್ರ.

"ಆಯಿ ಮಾತು ವಿಜ್ಞಾನ ಅಲ್ಲ ಅಂದ್ರೆಲ್ರಿ ಟೀಚರ್. ಅದಕ್ಕ ಇಳದ್ನಿರಿ."

ಇಡೀ ವರ್ಷದಲ್ಲಿ ನನ್ನ ಮಾತನ್ನು ಇಷ್ಟು ಪೂರ್ತಿಯಾಗಿ ನಂಬಿದ ವಿದ್ಯಾರ್ಥಿ ಇನ್ನೊಬ್ಬಳಿಲ್ಲ. ಆಕೆ ಹೋದಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ. ಬಹಳ ಹೊತ್ತು.

ಮಾರ್ಚ್ 11, ಮಂಗಳವಾರ

ನಿದ್ದೆ ಇಲ್ಲ. ಒಂದು ವಿಷಯ ಸ್ಪಷ್ಟ. ಆಯಿ ಮಾತಿಗೆ ಬೆಲೆ ಇಲ್ಲ ಎಂದು ಹುಡುಗಿ ನನ್ನಿಂದ ಕಲಿತಳು. ಸುಮ್ಮನಿದ್ದರೆ, ತಪ್ಪನ್ನೂ ಆಯಿಯ ತಲೆಗೆ ಕಟ್ಟಬಹುದು ಎಂಬ ಎರಡನೇ ಪಾಠವನ್ನೂ ನಾನೇ ಕಲಿಸಿದಂತೆ. ಹೇಳಿದರೆ ಹುಡುಗಿಗೆ ಸಾಲೆ ತಪ್ಪಬಹುದು. ಆ ಭಯ ಸುಳ್ಳಲ್ಲ. ಎರಡು ದಡದಲ್ಲೂ ಕೆಸರು.

ಬೆಳಿಗ್ಗೆ ಮಹಾಂತಪ್ಪನವರ ಮುಂದೆ ಎಲ್ಲ ಹೇಳಿದೆ. ಒಡೆಯದ ಥರ್ಮಾಮೀಟರನ್ನು ಟೇಬಲ್ ಮೇಲಿಟ್ಟೆ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಬಾಯಾರ, ನಿವೃತ್ತಿಗೆ ನಂದು ಹದಿನಾಲ್ಕ ತಿಂಗಳ ಉಳದೈತಿ. ನೀವು ಬರದ್ರ ಅದು ಕಾಗದ ಆಗತೈತಿ. ಕಾಗದಕ್ಕ ಉತ್ತರ ಕೊಡಬೇಕಾಗತೈತಿ."

"ಕೊಡೂಣ್ರಿ ಸರ್."

ರಿಜಿಸ್ಟರಿನ ಸುಳ್ಳಿನ ಮೇಲೆ ಗೆರೆ ಎಳೆದು, ಕೆಳಗೆ ನಿಜ ಬರೆದು ಸಹಿ ಹಾಕಿದೆ. ಈ ಸಲ ಅಕ್ಷರ ಕೆಟ್ಟದಾಗಿ ಬಂತು. ಮಹಾಂತಪ್ಪನವರು ಬಹಳ ಹೊತ್ತು ಓದಿ, "ಮೊದಲ ಅವರ ಮನಿಗೆ ಹೋಗ್ರಿ. ನಮ್ಮ ಕಾಗದಕ್ಕಿಂತ ಮೊದಲ ಅವರಿಗೆ ನಿಮ್ಮ ಬಾಯಿಂದ ತಿಳೀಲಿ" ಎಂದರು. ಇಷ್ಟು ವರ್ಷ ಈ ಮನುಷ್ಯನನ್ನು ಬರೀ ಪುಕ್ಕಲ ಎಂದುಕೊಂಡಿದ್ದೆ.

ಮಾರ್ಚ್ 12, ಬುಧವಾರ, ಸಂಜೆ 6.40, ಬಸ್ ನಿಲ್ದಾಣ

ಹೇಳಿದೆ.

ಮಲಕಾಜಪ್ಪ ಆಗ ತಾನೇ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಹಿತ್ತಲಲ್ಲಿ ಹಗೇವಿದ್ದ ಜಾಗಕ್ಕೆ ಹೊಸ ಮಣ್ಣು. ಮರೆವ್ವ ನನ್ನನ್ನು ನೋಡಿದ್ದೇ ಬೇಡ ಎಂಬಂತೆ ತಲೆ ಆಡಿಸುತ್ತಲೇ ಇದ್ದಳು. ಕೂರಲು ಹೇಳಿದರು. ನಿಂತೇ ಹೇಳಿದೆ.

"ಬೆಕ್ಕಿನ ಮರಿ ಇದ್ದಿಲ್ರಿ. ನಿಮ್ಮ ಮಗಳನ್ನ ಹಗೇವಿಗೆ ಇಳಿಸಿದಾಕಿ ನಾನು. ಅಳದು ಬಾ ಅಂದೆ. ಆಯಿ ಹೇಳಿದ್ದು ಕೇಳಬ್ಯಾಡ ಅಂತನೂ ನಾನಽ ಅಂದೆ. ನಿಮ್ಮ ತಾಯಿದು ಏನೂ ತಪ್ಪಿಲ್ಲ."

ತಂಬಿಗೆ ಕೆಳಗಿಟ್ಟರು. ಕೂಗುತ್ತಾರೆ ಎಂದುಕೊಂಡೆ. ಕೂಗಿದ್ದರೆ ಚೆನ್ನಾಗಿತ್ತು.

"ಆವತ್ತ ದವಾಖಾನ್ಯಾಗ ನಮ್ಮ ಚಾ ಕುಡದ್ರೆಲ್ರಿ" ಎಂದರು.

ಹೌದು ಎಂದೆ.

"ನಮ್ಮವ್ವಗ ನಾ ಏನೇನ ಅಂದೇನಿ, ಗೊತ್ತೈತೇನ್ರಿ ನಿಮಗ? ಹೆತ್ತಾಕಿಗೆ ಅನ್ನೂ ಮಾತಲ್ಲ ಅವು."

ಒಳಗಿನಿಂದ ಮರೆವ್ವ "ಬಿಡೋ ಮಲಕಾಜಿ, ಆತ ಬಿಡು" ಎಂದಳು. ಅವರು ತಿರುಗಿ ನೋಡಲಿಲ್ಲ. ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡರು. ಎರಡು ಸಲ ಒರೆಸಿದರು.

ಸಾಲೆ ಬಿಡಿಸಬೇಡಿ ಎಂದೆ. ಬೇಕಾದರೆ ನಾನೇ ಬೇರೆ ಕಡೆ ವರ್ಗ ಮಾಡಿಸಿಕೊಂಡು ಹೋಗುತ್ತೇನೆ ಎಂದೆ.

"ನೀವು ಹೋದ್ರ ಆಕಿಗೇನ ಬಂತು?"

ಕಂಬದ ಹತ್ತಿರ ಸಪ್ನಾ ನಿಂತಿದ್ದಳು. ಅಪ್ಪನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಒಳಗೆ ಹೋಗಿ ಆಯಿಯ ಪಕ್ಕ ಕೂತಳು.

"ನಾಳಿ ಸಾಲಿಗೆ ಬರತೇನಿ. ಹೆಡ್‌ಮಾಸ್ತರ ಮುಂದ ಏನ ಹೇಳೂದ ಹೇಳತೇನಿ. ಈಗ ನೀವು ಹೋಗ್ರಿ" ಎಂದರು ಮಲಕಾಜಪ್ಪ. ಬೈಗುಳ ಇಲ್ಲ. ಚಹಾ ಕೇಳಲಿಲ್ಲ.

ಹಗುರಾಗುತ್ತದೆ ಎನ್ನುತ್ತಾರಲ್ಲ, ಹೇಳಿಬಿಟ್ಟರೆ. ಆಗಿಲ್ಲ. ಟಿಸಿ ಕೇಳಲು ಬರುತ್ತಾರೆ ಎಂದೇ ಅನಿಸುತ್ತಿದೆ. ಬಸ್ಸು ಇನ್ನೂ ಇಲ್ಲ.

ಮಾರ್ಚ್ 13, ಗುರುವಾರ, ಬೆಳಿಗ್ಗೆ 10.05

ಪ್ರಾರ್ಥನೆ ಮುಗಿಯಿತು. ಸಪ್ನಾ ಬಂದಿಲ್ಲ. ಹಾಜರಿ ಪುಸ್ತಕ ತೆರೆದು ಕೂತಿದ್ದೇನೆ, ಕೂಗಿಲ್ಲ. ಮಕ್ಕಳಿಗೆ ಏನೋ ಬರೆಯಲು ಕೊಟ್ಟು ನಾನೂ ಇಲ್ಲಿ ಬರೆಯುತ್ತಿದ್ದೇನೆ. ಕೈಗೆ ಕೆಲಸ ಬೇಕು. ಕಿಟಕಿಯಿಂದ ಗೇಟು ಕಾಣುತ್ತದೆ. ಮಹಾಂತಪ್ಪನವರು ವರಾಂಡದಲ್ಲಿ ಆಚೆ ಈಚೆ ಓಡಾಡುತ್ತಿದ್ದಾರೆ, ಮೂರು ಸಲ ಗಡಿಯಾರ ನೋಡಿದರು.

10.20. ಬೈಕ್ ಸದ್ದು. ಮಲಕಾಜಪ್ಪ. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಾರೆ, ಕಚೇರಿಗೆ ಬರುವವರ ಹಾಗೆ. ಟಿಸಿಯೇ. ಹಿಂದೆ ಯಾರೋ ಕೂತಿದ್ದಾರೆ, ಸೀರೆಯ ಸೆರಗು ಹಾರುತ್ತಿದೆ... ಮರೆವ್ವ. ಮಗನ ಭುಜ ಹಿಡಿದುಕೊಂಡಿದ್ದಾಳೆ. ಟಿಸಿಗೆ ಮುದುಕಿ ಯಾಕೆ ಬರಬೇಕು? ಗೇಟಿನಲ್ಲಿ ನಿಲ್ಲಿಸಿದರು. ಇಬ್ಬರ ನಡುವೆ ಏನೋ ನೀಲಿ ಕಾಣುತ್ತಿದೆ. ಯೂನಿಫಾರ್ಮಿನ ನೀಲಿ. ಸಪ್ನಾ ಚೀಲ ಹೆಗಲಿಗೇರಿಸಿ ಇಳಿಯುತ್ತಿದ್ದಾಳೆ, ಹಾಜರಿ ಕೂಗಬೇಕು.